ಮಡಿಯ ಲೆಕ್ಕ, ದಯೆಯ ಲೆಕ್ಕ

ಯುಗಾದಿ ಮಾರನೇ ದಿನ ನಮ್ಮ ಕಡೆ ಹೊಸತೊಡಕು. ಮಂಡ್ಯ ಸೀಮೆಯಲ್ಲಿ ಅವತ್ತು ಬಾಡಿನ ಸಾರು ಕುದಿಯದ ಮನೆ ಹುಡುಕಬೇಕು. ಹಿಂದಿನ ದಿನ ಬೇವು-ಬೆಲ್ಲ, ಒಬ್ಬಟ್ಟು. ಮಾರನೇ ದಿನ ಬೆಳಕು ಹರಿಯುವ ಮೊದಲೇ ಗುಡ್ಡೆ ಬಾಡು. ಹತ್ತಾರು ಮನೆಯವರು ದುಡ್ಡು ಕೂಡಿಸಿ ಮರಿ ತಂದು, ಕೊಯ್ದು, ಬಾಳೆ ಎಲೆ ಮೇಲೆ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ.

ಏಳು ವರ್ಷದ ಹಿಂದೆ ಅಂಥದ್ದೊಂದು ಹೊಸತೊಡಕಿನ ದಿನ ನಾನು ತಟ್ಟೆ ಮುಂದೆ ಕೂತು "ನಂಗೆ ಮುದ್ದೆ, ಸೊಪ್ಪಿನ ಸಾರು ಸಾಕು" ಅಂದೆ. ಅವ್ವ ಸೌಟು ಹಿಡಿದೇ ನಿಂತಳು. "ಮೈಗೆ ಉಸಾರಿಲ್ವೇನ್ಲಾ?" ಅಂತ ಕೇಳಿದಳು. ದೊಡ್ಡಮ್ಮ "ಯಾವ ದ್ಯಾವ್ರಿಗೆ ಹರಕೆ ಹೊತ್ತಿದ್ದೀಯಪ್ಪಾ?" ಅಂದರು. ಚಿಕ್ಕಪ್ಪ ಮೂಳೆ ಚೀಪುತ್ತಾ, "ಯಾರೋ ಐನೋರ ಹುಡುಗಿ ಸಿಕ್ಕವ್ಳೆ ಕಣತ್ತಿಗೆ" ಅಂತ ಕೇಸು ಮುಗಿಸಿದರು.

ಕಾಯಿಲೆ, ಹರಕೆ, ಜಾತಿ. ಬಾಡು ಬಿಡುವುದಕ್ಕೆ ನಮ್ಮ ಸಮಾಜ ಒಪ್ಪುವ ಕಾರಣಗಳು ಹೆಚ್ಚುಕಡಿಮೆ ಈ ಮೂರೇ. "ನನಗೇ ಬೇಡ ಅನ್ನಿಸಿತು" ಅನ್ನುವುದಕ್ಕೆ ಇಲ್ಲಿ ಖಾನೆಯೇ ಇಲ್ಲ. ಈಗ ಹಾಗನ್ನುವವರು ಜಾಸ್ತಿಯಾಗುತ್ತಿದ್ದಾರೆ. ಬೆಂಗಳೂರಿನಲ್ಲಂತೂ ಹಾಲು, ಮೊಸರು, ಜೇನುತುಪ್ಪವನ್ನೂ ಬಿಟ್ಟು "ನಾನು ವೀಗನ್" ಅನ್ನುವ ಹುಡುಗ ಹುಡುಗಿಯರು ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಇವರ ಕಾರಣ ಏನು ಅನ್ನುವುದು ಮೇಲ್ನೋಟಕ್ಕೆ ಸುಲಭದ ಪ್ರಶ್ನೆ. ಆದರೆ ನಮ್ಮಲ್ಲಿ ಸಸ್ಯಾಹಾರ ಅನ್ನುವ ಒಂದೇ ಪದದೊಳಗೆ ಎರಡು ಬೇರೆ ಲೆಕ್ಕಗಳು ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡದೆ ಇವರು ಅರ್ಥವಾಗುವುದಿಲ್ಲ.

ಮೊದಲು ಒಂದೆರಡು ಅಂಕಿ. ಕೇಂದ್ರ ಸರ್ಕಾರದ 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ಸಸ್ಯಾಹಾರಿಗಳು ಶೇ 21ರಷ್ಟು. ಪಕ್ಕದ ತಮಿಳುನಾಡು, ತೆಲಂಗಾಣದಲ್ಲಿ ಅದು ಶೇ 3 ಕೂಡ ಇಲ್ಲ. ಮಹಾರಾಷ್ಟ್ರದಲ್ಲಿ ಶೇ 40. ಅಂದರೆ ನಾವು ಈ ವಿಷಯದಲ್ಲೂ ಉತ್ತರ-ದಕ್ಷಿಣದ ನಡುವಿನ ಗಡಿಯಲ್ಲಿ ಕೂತಿದ್ದೇವೆ. ಪ್ಯೂ ಸಂಶೋಧನಾ ಸಂಸ್ಥೆ 2021ರಲ್ಲಿ ಹೊರತಂದ ದೇಶವ್ಯಾಪಿ ಸಮೀಕ್ಷೆಯಲ್ಲಿ ಶೇ 39 ಮಂದಿ ತಾವು ಸಸ್ಯಾಹಾರಿ ಅಂದರು. ಆದರೆ ಮಾಂಸದ ವಿಷಯದಲ್ಲಿ ಏನಾದರೊಂದು ಕಟ್ಟುಪಾಡು ಇಟ್ಟುಕೊಂಡವರು ಶೇ 81. ಈ ಎರಡನೇ ಅಂಕಿಯೇ ನನಗೆ ಮುಖ್ಯ. ಸೋಮವಾರ ಬೇಡ, ಶನಿವಾರ ಬೇಡ, ಶ್ರಾವಣ ಪೂರ್ತಿ ಬೇಡ, ಮಾಲೆ ಹಾಕಿದರೆ 41 ದಿನ ಬೇಡ. ತಿನ್ನುವವರೂ ವರ್ಷದ ಎಷ್ಟೋ ದಿನ ತಿನ್ನುವುದಿಲ್ಲ. ಬಿಡುವ ಅಭ್ಯಾಸ ನಮಗೆ ಹೊಸದಲ್ಲ. ಒಬ್ಬನೇ ನಿರ್ಧಾರ ಮಾಡಿ ಬಿಡುವುದು ಹೊಸದು.

ಈಗ ಮಡಿಯ ಲೆಕ್ಕ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ನನ್ನ ಸಹೋದ್ಯೋಗಿಯೊಬ್ಬಳಿದ್ದಾಳೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವಳಲ್ಲ. ನಾಲ್ಕು ವರ್ಷದ ಹಿಂದೆ ವೀಗನ್ ಆದಳು. ನಾನು ಬಾಡು ಬಿಟ್ಟಾಗ ನಮ್ಮ ಮನೆಯಲ್ಲಿ ನಡೆದಿದ್ದಕ್ಕಿಂತ ದೊಡ್ಡ ರಂಪ ಅವರ ಮನೆಯಲ್ಲಿ ನಡೆಯಿತು. ಯಾಕೆ ಅಂತ ಅವಳೇ ಒಂದು ದಿನ ಬೆರಳು ಮಡಚಿ ತೋರಿಸಿದಳು. ಪಂಚಾಮೃತಕ್ಕೆ ಏನೇನು ಬೇಕು? ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ. ಐದರಲ್ಲಿ ನಾಲ್ಕು ಅವಳ ಲೆಕ್ಕದಲ್ಲಿ ಹೋದವು. ಅಭಿಘಾರಕ್ಕೆ ತುಪ್ಪ, ಹೋಯಿತು. ಊಟದ ಕೊನೆಗೆ ಮೊಸರನ್ನ, ಹೋಯಿತು. ಮಡಿಗೆ ಉಡುವ ರೇಷ್ಮೆ ಸೀರೆ, ಅದೂ ಹೋಯಿತು. ಅವಳ ಅಮ್ಮ ಕೇಳಿದ್ದು ಒಂದೇ ಮಾತಂತೆ: "ಹಾಗಾದ್ರೆ ದೇವರ ಮನೆಗೆ ಬರೋದೇ ಇಲ್ವೇನೇ?"

ನೋಡಿ, ಮನೆತನದಿಂದ ಬಂದ ಸಸ್ಯಾಹಾರದ ತಕ್ಕಡಿ ಶುದ್ಧ-ಅಶುದ್ಧದ್ದು. ಈರುಳ್ಳಿ, ಬೆಳ್ಳುಳ್ಳಿ ಮಣ್ಣಲ್ಲಿ ಬೆಳೆದ ಗೆಡ್ಡೆಗಳೇ, ಆದರೂ ಮಡಿ ಅಡುಗೆಗೆ ಬರುವುದಿಲ್ಲ. ತುಪ್ಪ ಪ್ರಾಣಿಯಿಂದ ಬಂದದ್ದೇ, ಆದರೂ ಅದಿಲ್ಲದೆ ಎಲೆ ಶುದ್ಧಿಯಾಗುವುದಿಲ್ಲ. ಅಲ್ಲಿ ಪ್ರಾಣಿಗೆ ನೋವಾಯಿತೇ ಅನ್ನುವುದು ಕೇಳುವ ಪ್ರಶ್ನೆಯೇ ಅಲ್ಲ. ವೀಗನ್ ಲೆಕ್ಕ ಪೂರ್ತಿ ಉಲ್ಟಾ. ಬೆಳ್ಳುಳ್ಳಿ ಎಷ್ಟು ಬೇಕಾದರೂ ಹಾಕು, ತುಪ್ಪ ಮಾತ್ರ ಬೇಡ. ರೇಷ್ಮೆಯನ್ನೇ ತಗೊಳ್ಳಿ. ಗೂಡಿನಿಂದ ಚಿಟ್ಟೆ ಹೊರಗೆ ಬಂದರೆ ಎಳೆ ತುಂಡಾಗುತ್ತದೆ. ಹಾಗಾಗಿ ಅದು ಬರುವ ಮೊದಲೇ ಗೂಡನ್ನು ಹಬೆಯಲ್ಲೋ ಬಿಸಿಗಾಳಿಯಲ್ಲೋ ಇಟ್ಟು ಒಳಗಿನ ಹುಳುವನ್ನು ಕೊಲ್ಲಬೇಕು. ಆಮೇಲೆ ಬಿಸಿನೀರಲ್ಲಿ ನೆನೆಸಿ ನೂಲು ಬಿಚ್ಚುವುದು. ರಾಮನಗರದ ಗೂಡಿನ ಮಾರುಕಟ್ಟೆಗೆ ಒಂದು ಬೆಳಿಗ್ಗೆ ಹೋಗಿ ಬಂದರೆ ಒಂದು ಸೀರೆಗೆ ಸಾವಿರಾರು ಗೂಡು ಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ. ಮಡಿಯ ಲೆಕ್ಕದಲ್ಲಿ ರೇಷ್ಮೆ ಎಲ್ಲಕ್ಕಿಂತ ಶುದ್ಧ ಬಟ್ಟೆ. ದಯೆಯ ಲೆಕ್ಕದಲ್ಲಿ ಹತ್ತಿಯ ಅಂಗಿಯೇ ಮೇಲು.

ಮಡಿಯ ಲೆಕ್ಕಕ್ಕೆ ಇನ್ನೊಂದು ಬಾಲವಿದೆ. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವಾಗ ಮಾಲೀಕರೊಬ್ಬರು "ನೀವು ವೆಜ್ಜಾ?" ಅಂದರು. ಹೌದು ಅಂದೆ. ಖುಷಿಯಾದರು. ಊರು ಯಾವುದು, ತಂದೆ ಹೆಸರೇನು ಅಂತೆಲ್ಲ ಕೇಳಿದ ಮೇಲೆ ಮುಖ ಸ್ವಲ್ಪ ಇಳಿಯಿತು. "ಅಲ್ಲ, ನೆಂಟರಿಷ್ಟರು ಬಂದಾಗ?" ಅಂದರು. ಅವರು ಕೇಳಿದ್ದು ನನ್ನ ತಟ್ಟೆಯನ್ನಲ್ಲ ಅಂತ ಆಗ ಗೊತ್ತಾಯಿತು. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಕೊಡಗಿನವರ ಬಗ್ಗೆ 1952ರಲ್ಲಿ ಬರೆದಾಗಲೇ ಇದಕ್ಕೆ ಸಂಸ್ಕೃತೀಕರಣ ಅಂತ ಹೆಸರು ಕೊಟ್ಟರು. ಜಾತಿಯ ಏಣಿಯಲ್ಲಿ ಮೇಲೆ ಹೋಗಬೇಕೆನ್ನುವ ಗುಂಪುಗಳು ಬಾಡು, ಹೆಂಡ ಬಿಡುವುದನ್ನು ಅವರು ಗಮನಿಸಿದ್ದರು. ಚಿಕ್ಕಪ್ಪ ಶ್ರೀನಿವಾಸರನ್ನು ಓದಿಲ್ಲ. ಆದರೆ ಐನೋರ ಹುಡುಗಿಯ ಮಾತು ಆಡಿದಾಗ ಅವರು ಹೇಳಿದ್ದು ಅದನ್ನೇ.

ಇದರಿಂದಲೇ ನಮ್ಮಲ್ಲಿ ಊಟದ ಮಾತು ಬೇಗ ಜಗಳವಾಗುತ್ತದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಮಠಾಧೀಶರು ವಿರೋಧಿಸಿದರು, ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಅವರಿಗೆ ಖಡಕ್ಕಾಗಿ ಉತ್ತರ ಕೊಟ್ಟಳು. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಮದ್ಯ, ತಂಬಾಕಿನ ಜೊತೆ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದಕ್ಕೆ ಬಾಡೂಟದ ಪರವಾಗಿ ದೊಡ್ಡ ಗಲಾಟೆಯೇ ಆಯಿತು. ಆ ಎರಡೂ ಸಲ ನಾನು ತಿನ್ನುವವರ ಕಡೆಗಿದ್ದೆ, ಈಗಲೂ ಇದ್ದೇನೆ. ಶಾಲೆಯಲ್ಲಿ ಮೊಟ್ಟೆ ಬೇಡ ಅನ್ನುವ ಮಗುವಿಗೆ ಬಾಳೆಹಣ್ಣು ಸಿಗುತ್ತದೆ. ಆಯ್ಕೆ ಅಂದರೆ ಅದು. ಒಬ್ಬ ತಾನಾಗಿ ಬಿಡುವುದಕ್ಕೂ, ಎದುರಿಗೆ ಕೂತವನ ತಟ್ಟೆಯಿಂದ ಎತ್ತಿಡುವುದಕ್ಕೂ ಅಜಗಜಾಂತರ.

ಸರಿ, ತಾನಾಗಿ ಬಿಡುವವರು ಯಾಕೆ ಬಿಡುತ್ತಾರೆ? ನನ್ನದೇ ಹೇಳುತ್ತೇನೆ. ದೊಡ್ಡ ಕಥೆಯೇನಿಲ್ಲ. ಭಾನುವಾರ ಕೋಳಿ ಅಂಗಡಿ ಮುಂದೆ ನಿಂತಿದ್ದೆ. ಅಂಗಡಿಯವನು ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು ಮಗಳ ಸ್ಕೂಲ್ ಫೀಸಿನ ವಿಷಯ ಮಾತಾಡುತ್ತಿದ್ದ. ಮಾತಾಡುತ್ತಲೇ ಪಂಜರಕ್ಕೆ ಕೈ ಹಾಕಿ ಒಂದನ್ನು ಎಳೆದ, ಕತ್ತು ಕೊಯ್ದು ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿದ. ಒಳಗೆ ದಡಬಡ ಬಡಿತ. ಸ್ವಲ್ಪ ಹೊತ್ತಿಗೆ ಬಿಟ್ಟು ಬಿಟ್ಟು. ಆಮೇಲೆ ಒಂದು. ಆಮೇಲೆ ಸುಮ್ಮನೆ. ಅವನದ್ದೇನೂ ತಪ್ಪಿಲ್ಲ, ಅದು ಅವನ ಕಸುಬು, ಆ ಕಸುಬಿನಲ್ಲೇ ಮಗಳು ಓದುತ್ತಿದ್ದಾಳೆ. ಆ ಸದ್ದನ್ನು ನಾನು ಅದಕ್ಕೂ ಮೊದಲು ಸಾವಿರ ಸಲ ಕೇಳಿದ್ದೆ. ಅವತ್ತು ಮಾತ್ರ ಯಾಕೋ ಎಣಿಸಿದೆ. ಮುಂದಿನ ವಾರವೂ ಎಣಿಸಿದೆ. ಮೂರನೇ ವಾರ ಹೋಗಲಿಲ್ಲ.

ಆಮೇಲೆ ಯಾರಾದರೂ ಕೇಳಿದರೆ "ಕೊಲೆಸ್ಟ್ರಾಲ್ ಜಾಸ್ತಿಯಿದೆ" ಅನ್ನುತ್ತಿದ್ದೆ. ಸುಳ್ಳು. ಆದರೆ ಆ ಸುಳ್ಳನ್ನು ಎಲ್ಲರೂ ಒಪ್ಪುತ್ತಿದ್ದರು. ಡ್ರಮ್ಮಿನ ಸದ್ದು ಅಂದಿದ್ದರೆ, ತಿನ್ನುತ್ತಾ ಕೂತವರಿಗೆ ನಾನು ಬುದ್ಧಿ ಹೇಳಿದ ಹಾಗೆ ಕೇಳಿಸುತ್ತಿತ್ತು. ಹೀಗೆ ಬಾಡು ಬಿಟ್ಟ ಹಲವರ ಹತ್ತಿರ ಮಾತಾಡಿದ್ದೇನೆ. ಬಹಳ ಮಂದಿಗೆ ಹೊರಗೆ ಹೇಳುವ ಕಾರಣ ಒಂದು, ಒಳಗಿನ ಕಾರಣ ಇನ್ನೊಂದು. ಮೊದಲು ಬಿಡುತ್ತಾರೆ, ಕಾರಣಗಳನ್ನು ಆಮೇಲೆ ಒಂದೊಂದಾಗಿ ಕೂಡಿಸಿಕೊಳ್ಳುತ್ತಾರೆ.

ಗಾಂಧಿಯ ವಿಷಯದಲ್ಲೂ ಹಾಗೇ ಆಯಿತು. ಸಸ್ಯಾಹಾರಿ ವೈಷ್ಣವ ಮನೆ. ಹುಡುಗನಾಗಿದ್ದಾಗ ಗೆಳೆಯನ ಜೊತೆ ಕದ್ದು ಮಾಂಸ ತಿಂದು, ತಂದೆತಾಯಿಗೆ ಸುಳ್ಳು ಹೇಳಲಾಗದೆ ಬಿಟ್ಟವರು. 1888ರಲ್ಲಿ ಲಂಡನ್ನಿಗೆ ಹೊರಡುವಾಗ ತಾಯಿಗೆ ಮಾತು ಕೊಟ್ಟಿದ್ದರು ಅನ್ನುವ ಒಂದೇ ಕಾರಣಕ್ಕೆ ಅಲ್ಲಿ ಅರೆಹೊಟ್ಟೆಯಲ್ಲಿದ್ದರು. ಕೊನೆಗೆ ಒಂದು ಸಸ್ಯಾಹಾರಿ ಹೋಟೆಲು ಸಿಕ್ಕಿತು. ಅಲ್ಲೇ ಹೆನ್ರಿ ಸಾಲ್ಟ್ ಅನ್ನುವವರ ಪುಸ್ತಕವೊಂದು ಮಾರಾಟಕ್ಕಿತ್ತು. ಅದನ್ನು ಓದಿದ ದಿನದಿಂದ ತಾನು ಸ್ವಂತ ಆಯ್ಕೆಯ ಸಸ್ಯಾಹಾರಿಯಾದೆ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ತಿನ್ನುತ್ತಿದ್ದುದು ನಿನ್ನೆಯೂ ಅದೇ, ಇವತ್ತೂ ಅದೇ. ಲೆಕ್ಕ ಮಾತ್ರ ಬದಲಾಗಿತ್ತು. ಹಸು, ಎಮ್ಮೆಗಳಿಂದ ಕೊನೇ ಹನಿಯವರೆಗೂ ಹಾಲು ಹಿಂಡಲು ಕಲ್ಕತ್ತೆಯಲ್ಲಿ ಮಾಡುತ್ತಿದ್ದ ಕ್ರೂರ ಪದ್ಧತಿಯ ಬಗ್ಗೆ ಓದಿ, 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಹಾಲನ್ನೂ ಬಿಟ್ಟರು. ಆಗಿನ್ನೂ ವೀಗನ್ ಅನ್ನುವ ಪದವೇ ಹುಟ್ಟಿರಲಿಲ್ಲ. ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು 'ವೆಜಿಟೇರಿಯನ್' ಪದದ ತಲೆ ಮತ್ತು ಬಾಲ ಮಾತ್ರ ಇಟ್ಟುಕೊಂಡು ಆ ಹೆಸರು ಮಾಡಿದ್ದು 1944ರಲ್ಲಿ.

ಹಾಲು ಬಿಟ್ಟ ಗಾಂಧಿ 1918ರಲ್ಲಿ ಭೇದಿ ಹತ್ತಿ ಸಾಯುವ ಸ್ಥಿತಿಗೆ ಬಂದರು. ಹಾಲು ಕುಡಿಯದೆ ಮೈ ಕೂಡಿಕೊಳ್ಳುವುದಿಲ್ಲ ಅಂದರು ಡಾಕ್ಟರು. ಆಗ ಕಸ್ತೂರಬಾ ದಾರಿ ತೋರಿಸಿದರು. ಹಾಲು ಬಿಡುವಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ. ಮೇಕೆ ಹಾಲಿಗೇನು ಅಡ್ಡಿ? ಗಾಂಧಿ ಕುಡಿದರು. ವ್ರತದ ಅಕ್ಷರ ಉಳಿಸಿಕೊಂಡು ಅದರ ಜೀವ ತೆಗೆದೆ ಅಂತ ಜೀವನಪೂರ್ತಿ ಕೊರಗಿದರು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟ, ಬೆಂಗಳೂರಿಗೆ ಬಂದಾಗ ಇದೇ ಮನುಷ್ಯ ಬೆಂಗಳೂರಿನ ಇಂಪೀರಿಯಲ್ ಡೈರಿಗೆ ದಿನಾ ಹೋಗಿ ಹಸು ಸಾಕುವುದನ್ನು ಕಲಿತರು. ಹಾಲು ಬಿಟ್ಟವನಿಗೆ ಹಸುವಿನ ಚಿಂತೆ ಬಿಟ್ಟಿರಲಿಲ್ಲ.

ಹಾಲಿನ ಪ್ರಶ್ನೆ ಇಷ್ಟು ಕಷ್ಟ ಯಾಕೆ ಅಂತ ನಮ್ಮ ಕೊಟ್ಟಿಗೆಯಲ್ಲೇ ನೋಡಬಹುದು. ಅವ್ವನಿಗೆ ಎರಡು ಸೀಮೆಹಸು. ಹಾಲು ಡೈರಿಗೆ ಹಾಕುತ್ತಾಳೆ. ಆ ದುಡ್ಡು ಅವಳದ್ದೇ, ಅಪ್ಪ ಕೂಡ ಕೇಳುವ ಹಾಗಿಲ್ಲ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹುಟ್ಟುವ ಕರುಗಳಲ್ಲಿ ಅರ್ಧದಷ್ಟು ಗಂಡು. ಹಿಂದೆ ಗಂಡು ಕರು ಅಂದರೆ ನಾಳೆಯ ಎತ್ತು. ಈಗ ಉಳುವುದು ಟ್ರ್ಯಾಕ್ಟರ್. ಅದೂ ಅಲ್ಲದೆ ಸೀಮೆಹಸುವಿನ ಗಂಡಿಗೆ ಹಿಣಿಲಿಲ್ಲ, ನೊಗ ನಿಲ್ಲುವುದಿಲ್ಲ, ಬಿಸಿಲೂ ತಡೆಯುವುದಿಲ್ಲ. ಹಸು ಹೆಣ್ಣು ಕರು ಹಾಕಿದರೆ ಅವ್ವ ಬೀದಿಗೆಲ್ಲ ಗಿಣ್ಣು ಹಂಚುತ್ತಾಳೆ. ಗಂಡಾದರೆ ಗಿಣ್ಣು ಮನೆಯೊಳಗೇ ಮುಗಿಯುತ್ತದೆ. ಹಾಲಿಳಿಯುವಷ್ಟು ಹೊತ್ತು ಕರುವನ್ನು ಕೆಚ್ಚಲಿಗೆ ಬಿಟ್ಟು, ಮೂತಿ ಹಿಡಿದು ಎಳೆದು ಪಕ್ಕದ ಗೂಟಕ್ಕೆ ಕಟ್ಟುತ್ತಾಳೆ. ಅದು ನಾಲಿಗೆ ಚಾಚಿಕೊಂಡೇ ನಿಂತಿರುತ್ತದೆ. ಕೆಲವು ವಾರವಾದ ಮೇಲೆ ಒಂದು ದಿನ ಗೂಟ ಖಾಲಿ. ಯಾರು ಹೊಡಕೊಂಡು ಹೋದರು, ಎಲ್ಲಿಗೆ ಅಂತ ನಮ್ಮನೆಯಲ್ಲಿ ಯಾರೂ ಕೇಳುವುದಿಲ್ಲ.

2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಕರ್ನಾಟಕದಲ್ಲಿ ಹಸು, ಕರು, ಎತ್ತು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ಕಾನೂನು ಹಾಗೆ ಅಂದ ಮಾತ್ರಕ್ಕೆ ಬೇಡದ ಕರುವಿಗೆ ಮೇವು ಹುಟ್ಟಿಕೊಳ್ಳುವುದಿಲ್ಲ. ಹೆಣ್ಣು ಕರುವೇ ಹುಟ್ಟುವ ಹಾಗೆ ಮಾಡುವ ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿಗಳು ಈಗ ಬರುತ್ತಿವೆ, ಅದು ಪೂರ್ತಿ ಹರಡಿದರೆ ಈ ಮಾತು ಸ್ವಲ್ಪ ಬದಲಾಗಬಹುದು. ಸದ್ಯಕ್ಕೆ ವೀಗನ್ನರ ವಾದ ಇದೇ: ಹಾಲು ಮತ್ತು ಮಾಂಸ ಎರಡು ಬೇರೆ ದಂಧೆಯಲ್ಲ, ಒಂದೇ ಕೊಟ್ಟಿಗೆಯ ಎರಡು ಬಾಗಿಲು. ಬಸವನಗುಡಿಯ ಸಹೋದ್ಯೋಗಿ ಹಾಲು ಬಿಟ್ಟದ್ದು ಇದೇ ಲೆಕ್ಕದ ಮೇಲೆ. ಆ ಲೆಕ್ಕದಲ್ಲಿ ನಾನು ತಪ್ಪು ಹುಡುಕಿದ್ದೇನೆ, ಸಿಕ್ಕಿಲ್ಲ. ಆದರೆ ಅವ್ವನ ಹಾಲಿನ ದುಡ್ಡಿಗೆ ಬದಲಿ ಏನು ಅಂತ ಸಹೋದ್ಯೋಗಿಯನ್ನು ಕೇಳಿದೆ. ಅದಕ್ಕೆ ಅವಳ ಹತ್ತಿರವೂ ಉತ್ತರ ಇರಲಿಲ್ಲ.

ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆಯೂ ಮಡಿಯ ಲೆಕ್ಕದಲ್ಲೇ ನಡೆಯುತ್ತದೆ. ನಮ್ಮ ಕಾನೂನಿನಲ್ಲಿ ಹಾಲು, ಜೇನು ಸಸ್ಯಾಹಾರ. ಮರಿಯೇ ಆಗದ ಫಾರಂ ಮೊಟ್ಟೆ ಮಾಂಸಾಹಾರ. ದಯೆಯ ಲೆಕ್ಕ ಹಾಕುವವರಿಗೆ ಇದು ತಮಾಷೆಯಾಗಿ ಕಾಣುತ್ತದೆ. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ವೀಗನ್ ಆಹಾರಕ್ಕೆ ಬೇರೆ ನಿಯಮ, ಬೇರೆ ಗುರುತು ತಂದಿತು. ಹೀಗೆ ಸರ್ಕಾರಿ ಲೆಕ್ಕದಲ್ಲೂ ಈ ಇಬ್ಬರು ಬೇರೆಯಾದರು.

ಸೋಯಾದಲ್ಲಿ ಮಾಡಿದ 'ಚಿಕನ್' ಬಗ್ಗೆ ಒಂದು ಮಾತು. ಕೊಲ್ಲದೆ ರುಚಿ ಸಿಗುವುದಾದರೆ ಏನು ತಪ್ಪು ಅಂತ ಕೇಳುತ್ತಾರೆ. ಕನ್ನಡದಲ್ಲಿ ಈ ಪ್ರಶ್ನೆಗೆ ಎಂಟುನೂರು ವರ್ಷ. ಜನ್ನನ ಯಶೋಧರ ಚರಿತೆಯಲ್ಲಿ ತಾಯಿ ಕೋಳಿ ಬಲಿ ಕೊಡು ಅನ್ನುತ್ತಾಳೆ, ಮಗ ಒಪ್ಪುವುದಿಲ್ಲ, ಕೊನೆಗೆ ಹಿಟ್ಟಿನ ಕೋಳಿ ಮಾಡಿ ಕಡಿಯುತ್ತಾರೆ. ಅಷ್ಟಕ್ಕೇ ಇಬ್ಬರೂ ಜನ್ಮ ಜನ್ಮ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಮನಸ್ಸಿನಲ್ಲಿ ಕೊಂದರೂ ಕೊಂದ ಹಾಗೇ ಅನ್ನುವುದು ಜೈನರ ವಾದ. ನಾನು ಅಷ್ಟು ಕಟ್ಟುನಿಟ್ಟಿನವನಲ್ಲ. ಬಾಡಿನ ಮಸಾಲೆ ಏನು ಪಾಪ ಮಾಡಿದೆ?

ಇನ್ನು ಆರೋಗ್ಯ. ನಲವತ್ತು ದಾಟಿದ ಮೇಲೆ ಬಿಡುವವರಲ್ಲಿ ಹೆಚ್ಚಿನವರು ಬರುವುದು ಈ ದಾರಿಯಲ್ಲೇ, ರಕ್ತ ಪರೀಕ್ಷೆಯ ಚೀಟಿ ಹಿಡಿದುಕೊಂಡು. ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2015ರಲ್ಲೇ ಹೇಳಿದೆ, ನಿಜ. ಆದರೆ ನಮ್ಮಲ್ಲಿ ಸಾಸೇಜು ತಿನ್ನುವವರು ಎಷ್ಟು ಮಂದಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ. ಅದರಲ್ಲಿ ಹುಟ್ಟು ಸಸ್ಯಾಹಾರಿಗಳೇನು ಕಡಿಮೆಯಿಲ್ಲ. ಕೋಳಿ ಹೋದ ಜಾಗಕ್ಕೆ ಇನ್ನೊಂದು ಸೌಟು ಅನ್ನ ಬಂದರೆ ಯಾವ ಲಾಭವೂ ಇಲ್ಲ. ಗೋಬಿ ಮಂಚೂರಿಯೂ ಪಕ್ಕಾ ಸಸ್ಯಾಹಾರ. ಅದಕ್ಕೆ ಹಾಕುತ್ತಿದ್ದ ಕೃತಕ ಬಣ್ಣವನ್ನು ಸರ್ಕಾರ 2024ರಲ್ಲಿ ನಿಷೇಧಿಸಬೇಕಾಯಿತು.

ಬಿಡುವವರು ಮರೆಯಬಾರದ ಒಂದೇ ಒಂದು ವಿಷಯ ವಿಟಮಿನ್ ಬಿ12. ನಾನು ಮರೆತಿದ್ದೆ. ಬಾಡು ಬಿಟ್ಟು ಮೂರು ವರ್ಷಕ್ಕೆ ಅಂಗಾಲಲ್ಲಿ ಇರುವೆ ಹರಿದ ಹಾಗೆ ಜುಮ್ಮೆನ್ನತೊಡಗಿತು. ಚಪ್ಪಲಿ ಬದಲಾಯಿಸಿದೆ, ಎಣ್ಣೆ ತಿಕ್ಕಿದೆ. ಕೊನೆಗೆ ಡಾಕ್ಟರು ಚೀಟಿ ನೋಡಿ, "ಮಾಂಸ ಬಿಟ್ಟು ಎಷ್ಟು ದಿನ ಆಯ್ತು?" ಅಂದರು. ಬಿ12 ಸಿಗುವುದು ಪ್ರಾಣಿ ಮೂಲದ ಆಹಾರದಿಂದ, ಇಲ್ಲವೇ ಮಾತ್ರೆಯಿಂದ ಅಥವಾ ಅದನ್ನು ಸೇರಿಸಿದ ಆಹಾರದಿಂದ. ಸೊಪ್ಪು, ಕಾಳು, ಹುದುಗಿದ ದೋಸೆ ಹಿಟ್ಟು ಯಾವುದನ್ನೂ ನಂಬುವಂತಿಲ್ಲ. ಯಕೃತ್ತಿನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ಬರುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇನ್ನೂ ಬೇಗ. ಹಾಲು, ಮೊಸರು ತಗೊಳ್ಳುವವರಿಗೆ ಸ್ವಲ್ಪವಾದರೂ ಸಿಗುತ್ತದೆ, ವೀಗನ್ನರಿಗೆ ಮಾತ್ರೆ, ಇಲ್ಲವೇ ಅದನ್ನು ಸೇರಿಸಿದ ಆಹಾರ ಬಿಟ್ಟರೆ ಗತಿಯಿಲ್ಲ. "ಪ್ರಕೃತಿ ಆಹಾರದಲ್ಲಿ ಎಲ್ಲ ಇದೆ" ಅನ್ನುವವರ ಮಾತು ಕೇಳಬೇಡಿ.

ಕ್ಯಾಲ್ಸಿಯಂ ವಿಷಯದಲ್ಲಿ ಅಷ್ಟು ಹೆದರಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಇದೆ, ಅಷ್ಟೇ ಹಸುವಿನ ಹಾಲಿನಲ್ಲಿ 120ರಷ್ಟು. ರಾಗಿಯದು ಮೈಗೆ ಹಿಡಿಯುವುದು ಸ್ವಲ್ಪ ಕಡಿಮೆ, ಆದರೂ ಮುದ್ದೆ ಉಣ್ಣುವವರು ಗೆದ್ದರು. ಮುದ್ದೆ-ಬಸ್ಸಾರು, ಜೋಳದ ರೊಟ್ಟಿ-ಎಣಗಾಯಿ, ಹುಚ್ಚೆಳ್ಳು ಚಟ್ನಿ, ಹುರುಳಿಕಾಳಿನ ಸಾರು, ಕರಾವಳಿಯ ತೆಂಗಿನಹಾಲಿನ ಪಾಯಸ ಎಲ್ಲವೂ ಮೊದಲಿಂದಲೂ ವೀಗನ್. ಬೆವರು ಸುರಿಸಿ ದುಡಿಯುವವರ ತಟ್ಟೆ ಇದು, ತುಪ್ಪ ಸುರಿಯುವಷ್ಟು ಅನುಕೂಲ ಇದ್ದವರದ್ದಲ್ಲ. ದರ್ಶಿನಿಯಲ್ಲಿ ಮಾತ್ರ ಪರದಾಟ. ಇಡ್ಲಿ ಆಗುತ್ತದೆ, ರವೆ ಇಡ್ಲಿಗೆ ಮೊಸರು. ದೋಸೆಗೆ ಬೆಣ್ಣೆ ಬೇಡ ಅಂತ ಮೊದಲೇ ಕೂಗಿ ಹೇಳಬೇಕು.

ಭೂಮಿಗಾಗಿ, ಹವಾಮಾನಕ್ಕಾಗಿ ಬಿಟ್ಟೆ ಅನ್ನುವವರೂ ಇದ್ದಾರೆ. ಆಕ್ಸ್‌ಫರ್ಡಿನ ಸಂಶೋಧಕರು 119 ದೇಶಗಳ ಸುಮಾರು 38 ಸಾವಿರ ತೋಟ, ಫಾರಂಗಳ ಲೆಕ್ಕ ಹಿಡಿದು 2018ರಲ್ಲಿ ತೋರಿಸಿದ ಹಾಗೆ, ಒಂದು ಲೀಟರ್ ಹಾಲಿನ ಹಿಂದೆ ಸರಾಸರಿ 3 ಕಿಲೋದಷ್ಟು ಇಂಗಾಲದ ಹೊರೆ, ಸೋಯಾ ಹಾಲಿನ ಹಿಂದೆ ಸುಮಾರು 1 ಕಿಲೋ. ಹುಲ್ಲು, ಬೂಸಾ ತಿಂದು ಮನೆ ಪಕ್ಕ ಕಟ್ಟಿಕೊಂಡ ನಮ್ಮ ಹಸುವಿಗೂ ಹೊರದೇಶದ ದೊಡ್ಡ ಫಾರಂಗಳಿಗೂ ಸರಾಸರಿ ಒಂದೇ ಆಗಲಾರದು. ಅದಿರಲಿ, ಜಗತ್ತಿನ ಬಾದಾಮಿಯಲ್ಲಿ ಬಹುಪಾಲು ಬೆಳೆಯುವುದು ಕ್ಯಾಲಿಫೋರ್ನಿಯಾದಲ್ಲಿ. ಸಮುದ್ರ ದಾಟಿ ಬಂದ ಬಾದಾಮಿಯ ಹಾಲು ಕುಡಿದು ಭೂಮಿ ಉಳಿಸುವವರಿಗೆ ನಾನು ಚಳ್ಳಕೆರೆ ಕಡೆಯ ಕಡಲೆಕಾಯಿ ತೋರಿಸುತ್ತೇನೆ. ರಾತ್ರಿ ನೆನೆಸಿ ರುಬ್ಬಿ ಸೋಸಿದರೆ ಹಾಲು, ಹೆಪ್ಪಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿಟ್ಟರೆ ಮೊಸರೂ ಆಗುತ್ತದೆ ಅನ್ನುತ್ತಾಳೆ ಸಹೋದ್ಯೋಗಿ. ಮೊಸರು ತಿಂದು ನೋಡಿದೆ. ಮಜ್ಜಿಗೆಹುಳಿಗೆ ನಡೆಯುತ್ತದೆ. ಕಾಫಿಗೆ ಆ ಹಾಲು ಸುತರಾಂ ಬೇಡ.

ಗಾಂಧಿ 1931ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ, ಬರೀ ಆರೋಗ್ಯಕ್ಕಾಗಿ ಬಿಟ್ಟವರು ಬಹಳ ದಿನ ನಿಲ್ಲುವುದಿಲ್ಲ, ನೀತಿಯ ತಳಹದಿ ಬೇಕು ಅಂದಿದ್ದರು. ಅರ್ಧ ನಿಜ ಅನ್ನಿಸುತ್ತದೆ. ನಾನು ಕಂಡ ಹಾಗೆ ವಾಪಸು ತಿನ್ನಲು ಶುರುಮಾಡಿದವರಲ್ಲಿ ಹೆಚ್ಚಿನವರು ಸೋತದ್ದು ನೀತಿಯಿಂದಲ್ಲ, ಒಬ್ಬನಿಗೇ ಬೇರೆ ಪಾತ್ರೆ ಇಡುವುದು ಮನೆಯವರಿಗೆ ಬೇಜಾರಾದಾಗ. ಇಲ್ಲಿ ಯಾರೂ ಒಬ್ಬರೇ ಊಟ ಮಾಡುವುದಿಲ್ಲ, ಅಲ್ವಾ? ನೆಂಟರ ಮನೆಯಲ್ಲಿ, ಬೀಗರೂಟದಲ್ಲಿ, "ಒಂದೇ ಒಂದು ಪೀಸು" ಅನ್ನುವ ಮಾವನ ಎದುರು ದಿನಾ ಗೆಲ್ಲಬೇಕು.

ನನಗೆ ಅವ್ವ ಸಿಕ್ಕಳು. ಕಳೆದ ಹೊಸತೊಡಕಿಗೆ ಹೋದಾಗ ಅವಳು ಬಾಡಿನ ಮಸಾಲೆ ಎಂದಿನ ಹಾಗೆ ರುಬ್ಬಿ, ಅದರಲ್ಲಿ ನಾಲ್ಕು ಸೌಟು ಬೇರೆ ಎತ್ತಿಟ್ಟು, ಎಳೆ ಹಲಸಿನಕಾಯಿ ಹೆಚ್ಚಿ ಹಾಕಿ ಪುಟ್ಟ ಪಾತ್ರೆಯಲ್ಲಿ ಕುದಿಸಿದ್ದಳು. ಚಿಕ್ಕಪ್ಪ ಅದರಿಂದಲೇ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡು, "ಚೆಂದಾಗೈತೆ ಕಣ್ಲಾ. ಮೂಳೆ ಒಂದಿದ್ದಿದ್ರೆ..." ಅಂದರು. ಯಾವ ಹುಡುಗಿಯೂ ಬರಲಿಲ್ಲವಲ್ಲ ಅಂತ ಅವರಿಗೆ ಈಗ ಬೇಜಾರು. ಊಟ ಮುಗಿಯಿತು. ಅವ್ವ ಒಳಗಿಂದ ಕೂಗಿದಳು:

"ಕಾಫಿಗೆ ಹಾಲು ಹಾಕ್ಲೇನ್ಲಾ, ಇಲ್ಲ ಅದನ್ನೂ ಬುಟ್ಟಿದ್ದೀಯಾ?"

"ಹಾಕವ್ವ" ಅಂದೆ.